ರೋಗದ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ

ಹೃದ್ರೋಗ ತಜ್ಞರು ಬರೆದುಕೊಟ್ಟ ಚೀಟಿಯಲ್ಲಿ ರೋಗದ ಹೆಸರಿಗಿಂತ ಮೊದಲು ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಶಾಲೆಯಲ್ಲಿ ಕಲಿತ ಪ್ರಕಾರ ಅದು ವಾಕ್ಯದ ಕೊನೆಗೆ ಬರಬೇಕು. ವೈದ್ಯರು ಮಾತ್ರ ಮೊದಲು ಅದನ್ನು ಹಾಕಿ, ಅದರ ಬೆನ್ನಿಗೆ ರೋಗದ ಹೆಸರು ಬರೆಯುತ್ತಾರೆ. ಹೃದಯದ ರಕ್ತನಾಳಗಳು ಕಿರಿದಾಗಿರಬಹುದು, ಆಗಿಲ್ಲದೆಯೂ ಇರಬಹುದು, ಒಳಗೆ ನೋಡಿದ ಮೇಲಷ್ಟೇ ಹೇಳಲು ಸಾಧ್ಯ ಎಂಬ ಅಷ್ಟೂ ಮಾತನ್ನು ಆ ಒಂದು ಕೊಕ್ಕೆ ಹೇಳಿಬಿಡುತ್ತದೆ. ಒಳಗೆ ನೋಡುವ ದಿನ, ಅಂದರೆ ಸಿಟಿ ಆಂಜಿಯೋಗ್ರಾಂ ಮಾಡುವ ದಿನ, ಸಿಕ್ಕಿದ್ದು 16 ದಿನಗಳ ನಂತರಕ್ಕೆ. ಇದನ್ನು ಬರೆಯುತ್ತಿರುವುದು ಹದಿನೈದನೆಯ ದಿನದ ರಾತ್ರಿ.

ಎಲ್ಲ ಶುರುವಾದದ್ದು ಮೆಟ್ಟಿಲಿನಿಂದ. ನಮ್ಮ ಮನೆ ಇರುವುದು ಮೂರನೆಯ ಮಹಡಿಯಲ್ಲಿ. ಕೆಳಗಿನಿಂದ ಬಾಗಿಲವರೆಗೆ 54 ಮೆಟ್ಟಿಲುಗಳಿವೆ. ಇಷ್ಟು ವರ್ಷ ಹತ್ತಿ ಇಳಿದರೂ ನನಗೆ ಈ ಲೆಕ್ಕ ಗೊತ್ತಿರಲಿಲ್ಲ. 27ನೆಯ ಮೆಟ್ಟಿಲಿನ ಅಂಚಿನಲ್ಲಿ ಹೆಬ್ಬೆರಳಿನ ಅಗಲದಷ್ಟು ಸಿಮೆಂಟು ಕಿತ್ತುಹೋಗಿದೆ. ಐದು ತಿಂಗಳ ಹಿಂದೆ ಒಂದು ಸಂಜೆ ಅಲ್ಲಿಗೆ ಬಂದಾಗ ಎದೆಯ ನಡುವೆ ಯಾರೋ ಅಂಗೈಯಿಟ್ಟು ಅದುಮಿದಂತಾಗಿ ನಿಂತೆ. ಒಂದೆರಡು ನಿಮಿಷದಲ್ಲಿ ಅದು ತಾನಾಗಿಯೇ ಇಳಿಯಿತು. ಗ್ಯಾಸ್ಟ್ರಿಕ್ ಎಂದುಕೊಂಡೆ, ಕುತ್ತಿಗೆಯಿಂದ ಹೊಕ್ಕುಳವರೆಗಿನ ಯಾವ ತೊಂದರೆಗೂ ಆ ಒಂದು ಹೆಸರು ಸಾಕಾಗುತ್ತದೆ. ಆದರೆ ಗ್ಯಾಸ್ಟ್ರಿಕ್ಕಿಗೆ ಮೆಟ್ಟಿಲು ಎಣಿಸುವ ಅಭ್ಯಾಸವಿಲ್ಲ. ನನ್ನದು ವಾರದಲ್ಲಿ ಮೂರು ನಾಲ್ಕು ಸಲ, ಅದೇ ಒಡೆದ ಅಂಚಿನ ಆಸುಪಾಸಿನಲ್ಲೇ ಬರುತ್ತಿತ್ತು. ಆಗ ಯಾರಾದರೂ ಎದುರಿಗೆ ಇಳಿದು ಬಂದರೆ ಮೊಬೈಲ್ ತೆಗೆದು ಏನೋ ಮುಖ್ಯವಾದದ್ದನ್ನು ಓದುತ್ತಿರುವಂತೆ ನಿಲ್ಲುತ್ತಿದ್ದೆ. 52 ವರ್ಷದ ಹೆಂಗಸು ಮೆಟ್ಟಿಲ ನಡುವೆ ಏದುಸಿರು ಬಿಡುತ್ತ ನಿಂತಿದ್ದಾಳೆ ಎಂದು ಯಾರೂ ಅಂದುಕೊಳ್ಳಬಾರದು ಎಂಬುದೊಂದೇ ಆಗ ನನಗಿದ್ದ ಚಿಂತೆ.

ಕೊನೆಗೆ ತಜ್ಞರ ಮುಂದೆ ಕುಳಿತಾಗ ಅವರು ಕೇಳಿದ ಮೊದಲ ಪ್ರಶ್ನೆಗೇ ನಾನು ತಡವರಿಸಿದೆ. ನೋವು ಹೇಗಿರುತ್ತದೆ, ಹೇಳಿ, ಎಂದರು. ಚುಚ್ಚಿದಂತೆಯೋ, ಉರಿದಂತೆಯೋ, ಹಿಂಡಿದಂತೆಯೋ? ಚಳುಕು, ಸೆಳೆತ, ಬಿಗಿತ, ಭಾರ, ಹೀಗೆ ನೋವಿಗೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಹೆಸರುಗಳಿದ್ದರೂ ಯಾವುದೂ ಸರಿಹೊಂದಲಿಲ್ಲ. ಅದು ನೋವೇ ಅಲ್ಲ ಡಾಕ್ಟ್ರೇ, ಒಂದು ಥರ ಹಿಡಿದುಕೊಂಡಂತೆ, ಎಂದೆ. ಅವರು ನನ್ನ ಮುಖವನ್ನು ಬಿಟ್ಟು ಕೈಯನ್ನು ನೋಡುತ್ತಿದ್ದರು. ನಾನೂ ನೋಡಿಕೊಂಡೆ, ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಯ ನಡುವೆ ಕುಳಿತಿತ್ತು. ಹಾಗೆ ಮುಷ್ಟಿ ಹಿಡಿದು ತೋರಿಸುವುದಕ್ಕೆ ವೈದ್ಯಶಾಸ್ತ್ರದಲ್ಲಿ ಲೆವಿನ್ ಚಿಹ್ನೆ ಎಂಬ ಹೆಸರೇ ಇದೆ ಎಂದು ಆಮೇಲೆ ತಿಳಿಯಿತು. ಒಂದು ಬೆರಳಿನಿಂದ ಇಂಥ ಕಡೆಯೇ ಎಂದು ತೋರಿಸಬಹುದಾದ ನೋವು ಹೃದಯದ್ದಾಗಿರುವ ಸಾಧ್ಯತೆ ಕಡಿಮೆಯಂತೆ. ಮುಷ್ಟಿಯನ್ನೋ ಅಂಗೈಯನ್ನೋ ಇಟ್ಟು ತೋರಿಸಿದರೆ ವೈದ್ಯರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ವಿಲಿಯಂ ಹೆಬರ್ಡನ್ ಎಂಬ ಲಂಡನ್ನಿನ ವೈದ್ಯ 1768ರಲ್ಲೇ ಈ ತೊಂದರೆಯನ್ನು ವಿವರವಾಗಿ ಮಂಡಿಸಿ, ಆಂಜೈನಾ ಪೆಕ್ಟೋರಿಸ್ ಎಂದು ಹೆಸರಿಟ್ಟಿದ್ದ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಬರುತ್ತದೆ, ನಿಂತ ಕೂಡಲೇ ಹೊರಟುಹೋಗುತ್ತದೆ ಎಂಬುದು ಅವನ ವಿವರಣೆಯ ತಿರುಳು. ಆಂಜೈನಾ ಎನ್ನುವ ಪದದ ಮೂಲದಲ್ಲಿ ಕತ್ತು ಹಿಸುಕಿದ ಅರ್ಥವಿದೆ. ಇಸಿಜಿ ಇಲ್ಲದ, ಎಕ್ಸ್‌ರೇ ಇಲ್ಲದ, ಸ್ಟೆತಾಸ್ಕೋಪ್ ಕೂಡ ಹುಟ್ಟಲು ಇನ್ನೂ ಅರ್ಧ ಶತಮಾನ ಬಾಕಿಯಿದ್ದ ಕಾಲದಲ್ಲಿ, ಬರೀ ರೋಗಿಗಳ ಮಾತು ಕೇಳಿಸಿಕೊಂಡು ಒಬ್ಬಾತ ನನ್ನ 27ನೆಯ ಮೆಟ್ಟಿಲನ್ನು ಬರೆದಿಟ್ಟಿದ್ದ. ನಾನು ಅದೇ ಮಾತನ್ನು ತಿಂಗಳುಗಟ್ಟಲೆ ಯಾರಿಗೂ ಹೇಳಿರಲಿಲ್ಲ.

ಅಲ್ಲಿಂದ ಪರೀಕ್ಷೆಗಳ ಸಾಲು. ಇಸಿಜಿ ಬಹುಪಾಲು ಸರಿಯಾಗಿಯೇ ಬಂತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ, ಮಲಗಿದ್ದಾಗ ತೆಗೆದ ಇಸಿಜಿ ಮಲಗಿದ್ದಾಗಿನ ಕಥೆಯನ್ನಷ್ಟೇ ಹೇಳುತ್ತದೆ ಎಂದರು ವೈದ್ಯರು. ಐಂತೋವನ್ ಎಂಬ ಡಚ್ ವಿಜ್ಞಾನಿಗೆ 1924ರಲ್ಲಿ ನೊಬೆಲ್ ತಂದುಕೊಟ್ಟ ಈ ತಂತ್ರ ದಾಖಲಿಸುವುದು ಹೃದಯದ ವಿದ್ಯುತ್ತನ್ನು; ರಕ್ತನಾಳದೊಳಗೆ ಏನು ಕಟ್ಟಿಕೊಂಡಿದೆ ಎಂಬುದು ಅದಕ್ಕೆ ನೇರವಾಗಿ ಕಾಣುವುದಿಲ್ಲ. ನಾಳ ಸಾಕಷ್ಟು ಕಿರಿದಾಗಿದ್ದರೂ ಸುಮ್ಮನೆ ಮಲಗಿರುವ ಹೃದಯಕ್ಕೆ ಬರುವ ರಕ್ತ ಸಾಕಾಗುವುದರಿಂದ ಕಾಗದದ ಮೇಲಿನ ಗೆರೆ ಸಹಜವಾಗಿಯೇ ಇರಬಹುದು. ಎಕೋ ಪರೀಕ್ಷೆಯೂ ಹಾಗೆಯೇ ಮುಗಿಯಿತು. ತಣ್ಣನೆಯ ಜೆಲ್ ಹಚ್ಚಿ, ಎಡಕ್ಕೆ ಹೊರಳಿಸಿ ಮಲಗಿಸಿದ್ದರಿಂದ ಪರದೆ ನನಗೂ ಕಾಣುತ್ತಿತ್ತು. ಬೂದು ಬಣ್ಣದ ಕತ್ತಲೆಯಲ್ಲಿ ಒಂದು ಕವಾಟ ಬಟ್ಟೆ ಒಣಹಾಕಿದ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಹುಟ್ಟಿದಾಗಿನಿಂದ ಒಂದು ದಿನ ರಜೆ ಹಾಕದ ಅದನ್ನು ಅಂದು ಮೊದಲ ಬಾರಿ ಕಂಡದ್ದು. ಹೃದಯ ತನ್ನೊಳಗಿನ ರಕ್ತದಲ್ಲಿ ಎಷ್ಟು ಭಾಗವನ್ನು ಪ್ರತಿ ಬಡಿತಕ್ಕೂ ಹೊರಹಾಕುತ್ತದೆ ಎಂಬ ಲೆಕ್ಕ ನನ್ನದು ಶೇಕಡಾ 60 ಬಂತು, ಅದು ಸಹಜವೇ.

ತಕರಾರು ಬಂದದ್ದು ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ. ಗಂಟೆಗೆ 2.7 ಕಿಲೋಮೀಟರ್ ವೇಗ, ಶೇಕಡಾ 10ರ ಏರಿನಿಂದ ಆರಂಭಿಸಿ ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತ ಹೋಗುತ್ತಾರೆ. 220ರಲ್ಲಿ ವಯಸ್ಸನ್ನು ಕಳೆದು, ಉಳಿದದ್ದರ ಶೇಕಡಾ 85ರಷ್ಟಾದರೂ ಎದೆಬಡಿತ ಏರಬೇಕು ಎಂಬುದು ವಾಡಿಕೆಯ ಗುರಿ; ನನ್ನ ಮಟ್ಟಿಗೆ ಅದು 143. ಮೂರನೆಯ ಹಂತಕ್ಕೆ ಬಂದಾಗ ನನ್ನ 27ನೆಯ ಮೆಟ್ಟಿಲು ಬಂದೇಬಿಟ್ಟಿತು. ಇಸಿಜಿಯ ಗೆರೆಯೂ ಒಂದು ಕಡೆ ಸ್ವಲ್ಪ ಕೆಳಗೆ ಇಳಿಯಿತು. ಆದರೆ ಖಡಾಖಂಡಿತವಾಗಿ ಹೇಳುವಷ್ಟು ಇಳಿಯಲಿಲ್ಲ. ಮೇಲಾಗಿ, ಹೆಂಗಸರಲ್ಲಿ ಈ ಪರೀಕ್ಷೆ ಇಲ್ಲದ ರೋಗವನ್ನು ಇದೆಯೆಂದು ತೋರಿಸುವುದು ಹೆಚ್ಚು. ಹಾಗಾಗಿ ವರದಿಯಲ್ಲಿ ಬರೆದದ್ದು ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಪ್ರಶ್ನಾರ್ಥಕ ಚಿಹ್ನೆ ಹುಟ್ಟಿದ್ದು ಆಗ.

ಓಡುವಾಗಲೇ ಯಾಕೆ ಗೊತ್ತಾಗುತ್ತದೆ ಎಂಬುದಕ್ಕೆ ವೈದ್ಯರು ಕೊಟ್ಟ ಉತ್ತರವನ್ನು ನಾನು ಈ ದಿನಗಳಲ್ಲಿ ಎಷ್ಟು ಸಲ ಮೆಲುಕು ಹಾಕಿದ್ದೇನೋ ಲೆಕ್ಕವಿಲ್ಲ. ದೇಹದ ಉಳಿದ ಅಂಗಗಳಿಗೆಲ್ಲ ರಕ್ತ ಹೋಗುವುದು ಹೃದಯ ಹಿಂಡಿದಾಗ. ಹೃದಯದ ಎಡಗೋಡೆ ಮಾತ್ರ ಹಿಂಡುವಾಗ ತನ್ನ ಸ್ವಂತ ರಕ್ತನಾಳಗಳನ್ನೂ ಅದುಮಿಕೊಂಡುಬಿಡುತ್ತದೆ. ಆದ್ದರಿಂದ ತನ್ನ ಪಾಲಿನ ರಕ್ತವನ್ನು ಅದು ಬಹುಪಾಲು ಪಡೆಯುವುದು ಎರಡು ಹಿಂಡುವಿಕೆಗಳ ನಡುವೆ ಸಡಿಲಗೊಳ್ಳುವ ಆ ಅರ್ಧ ಸೆಕೆಂಡಿನಲ್ಲಿ. ಎಲ್ಲರಿಗೂ ಬಡಿಸಿ ಮುಗಿಸಿದ ಮೇಲೆ ತಾನು ಕುಳಿತುಕೊಳ್ಳುವವಳ ಹಾಗೆ. ಬಡಿತ ಏರಿದಾಗ ಮೊದಲು ಕುಗ್ಗುವುದು ಈ ಬಿಡುವೇ. ಕೆಲಸ ಹೆಚ್ಚಾಗಿ ಹಸಿವು ಏರಿದ ಹೊತ್ತಿಗೇ ಉಣ್ಣುವ ಸಮಯ ಕಡಿಮೆಯಾಗುತ್ತದೆ, ದಾರಿ ಕಿರಿದಾಗಿದ್ದರಂತೂ ಕೇಳುವುದೇ ಬೇಡ. ನನ್ನ ಮಗಳಿಗೆ ಇದನ್ನು ಹೇಳಿದಾಗ ಅವಳು, ಅಮ್ಮ, ಇದು ಥೇಟ್ ನಿನ್ನ ಕಥೆ, ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಪರೀಕ್ಷೆಯ ದಿನ ನಿಗದಿಯಾಗುವವರೆಗೆ ಒಂದು ಬಗೆಯ ಓಡಾಟವಿರುತ್ತದೆ. ನಿಗದಿಯಾದ ಮೇಲೆ ಉಳಿಯುವುದು ದಿನಗಳು ಮಾತ್ರ. ನಾನು ರೋಗಿಯೇ ಆಗಿದ್ದರೆ ರೋಗಿಗೆ ಸಲ್ಲುವ ರಜೆ, ಆರೈಕೆ, ಮಾತ್ರೆ, ಬೈಗುಳ ಎಲ್ಲ ಸಿಗುತ್ತಿದ್ದವು. ಆರೋಗ್ಯವಂತಳಾಗಿದ್ದರೆ ಇದ್ಯಾವುದೂ ಬೇಕಾಗುತ್ತಿರಲಿಲ್ಲ. ನಡುವಿನವರಿಗೆ ಯಾವ ಮರ್ಯಾದೆಯೂ ಇಲ್ಲ. ಎಲ್ಲರೂ ಹೇಳುವುದು ಎದೆಗುಂದಬೇಡಿ ಎಂದು. ಈ ಮಾತು ಕೇಳಿದಾಗಲೆಲ್ಲ ಕನ್ನಡದ ಮೇಲೆಯೇ ಸಣ್ಣ ಮುನಿಸು ಬರುತ್ತಿತ್ತು. ಧೈರ್ಯಕ್ಕೆ ಎದೆಗಾರಿಕೆ, ಭಯವಾದರೆ ಎದೆ ಝಲ್ಲೆನ್ನುವುದು, ದುಃಖಕ್ಕೆ ಎದೆ ಬಿರಿಯುವುದು, ಸತ್ಯ ಹೇಳಬೇಕಾದರೆ ಎದೆ ಮುಟ್ಟಿಕೊಳ್ಳುವುದು. ಇಷ್ಟೊಂದು ಸಾಮಾನನ್ನು ಒಂದೇ ಕೋಣೆಯಲ್ಲಿ ತುಂಬಿಟ್ಟ ಮೇಲೆ, ಆ ಕೋಣೆಯ ಗೋಡೆ ಬಿರುಕು ಬಿಟ್ಟಿದೆಯೋ ಎಂಬ ಅನುಮಾನ ಬಂದವರು ಧೈರ್ಯವನ್ನು ಬೇರೆಲ್ಲಿಂದ ತರಬೇಕು?

ಮೊದಲ ವಾರದ ರಾತ್ರಿಗಳು ಬಲು ಉದ್ದವಾಗಿದ್ದವು. ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ನಾಡಿಯ ಸದ್ದು ದಿಂಬಿನೊಳಗಿಂದ ಬಂದಂತೆ ಕೇಳಿಸುತ್ತದೆ. ಈ ಸದ್ದು ಮೊದಲೂ ಇದ್ದೇ ಇತ್ತು. ಕೇಳಿಸಿಕೊಳ್ಳುವ ಕೆಲಸ ನನಗೆ ಈಗ ಬಂದಿತ್ತು. ಎಣಿಸುತ್ತೇನೆ, ಎಣಿಸಿದ್ದಕ್ಕೇ ಅದು ಏರುತ್ತದೆ, ಏರಿತಲ್ಲ ಎಂದು ಮತ್ತೆ ಎಣಿಸುತ್ತೇನೆ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುವ ಅಂಗವೊಂದರ ಮೇಲೆ ಕಾವಲು ಕೂರುವುದು ಎಂಥ ಮೂರ್ಖತನವೆಂದು ಹಗಲಿನಲ್ಲಿ ಗೊತ್ತಾಗುತ್ತದೆ, ರಾತ್ರಿ ಎರಡು ಗಂಟೆಗೆ ಗೊತ್ತಾಗುವುದಿಲ್ಲ. ಮಣಿಕಟ್ಟಿನ ಸ್ಮಾರ್ಟ್ ವಾಚ್ ಬೇರೆ. ಅದು ತೋರಿಸುವ ಬಡಿತದ ಸಂಖ್ಯೆಗೂ ನನ್ನ ನಾಳಗಳ ಅಗಲಕ್ಕೂ ಸಂಬಂಧವಿಲ್ಲವೆಂದು ತಿಳಿದೂ ಗಂಟೆಗೆ ಹತ್ತು ಸಲ ನೋಡುತ್ತಿದ್ದೆ. ಐದನೆಯ ದಿನ ಅದನ್ನು ಬಿಚ್ಚಿ ಮಗಳ ಕೈಗೆ ಕೊಟ್ಟೆ.

ಎಲ್ಲಕ್ಕಿಂತ ತೊಡಕಿನ ವಿಷಯವೆಂದರೆ, ಆತಂಕವೂ ಆಂಜೈನಾವೂ ಆಡುವ ಭಾಷೆ ಒಂದೇ. ಎದೆ ಬಿಗಿಯುತ್ತದೆ, ಉಸಿರು ಸಾಲದಂತಾಗುತ್ತದೆ, ಬೆವರುತ್ತದೆ, ಏನೋ ಆಗಿಹೋಗುತ್ತದೆ ಎನಿಸುತ್ತದೆ. ಇದು ಬರೀ ಆತಂಕ ಎಂದು ತಳ್ಳಿಹಾಕೋಣವೆಂದರೆ, ಆತಂಕವೇ ಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸಿ ನಿಜವಾದ ಆಂಜೈನಾವನ್ನು ತರಬಲ್ಲದು. ಜಾನ್ ಹಂಟರ್ ಎಂಬ ಹೆಸರಾಂತ ಶಸ್ತ್ರವೈದ್ಯನಿಗೆ ಇದು ಚೆನ್ನಾಗಿ ಗೊತ್ತಿತ್ತು. ತನಗೆ ಈ ಕಾಯಿಲೆಯಿದೆ, ತನ್ನನ್ನು ಕೆಣಕಬಯಸುವ ಯಾವ ತುಂಟನ ಕೈಯಲ್ಲಾದರೂ ತನ್ನ ಪ್ರಾಣವಿದೆ ಎಂಬರ್ಥದ ಮಾತನ್ನು ಅವನು ಆಡುತ್ತಿದ್ದನಂತೆ. 1793ರಲ್ಲಿ ತಾನು ಕೆಲಸ ಮಾಡುತ್ತಿದ್ದ ಲಂಡನ್ನಿನ ಆಸ್ಪತ್ರೆಯ ಸಭೆಯೊಂದರಲ್ಲಿ ಮಾತಿಗೆ ಮಾತು ಬೆಳೆದು, ಎದ್ದು ಪಕ್ಕದ ಕೋಣೆಗೆ ಹೋದವನು ಅಲ್ಲೇ ಕುಸಿದು ತೀರಿಕೊಂಡ. ಇದನ್ನು ಓದಿದ ದಿನ ಇವರ ಜೊತೆ ಕರೆಂಟ್ ಬಿಲ್ಲಿನ ವಿಷಯಕ್ಕೆ ಶುರುವಾಗಿದ್ದ ಜಗಳವನ್ನು ಅರ್ಧಕ್ಕೇ ಬಿಟ್ಟೆ. ಇವರಿಗೆ ಕಾರಣ ತಿಳಿಯದೆ, ತಾವೇ ಗೆದ್ದೆವೆಂದುಕೊಂಡರು.

ಒಂಬತ್ತನೆಯ ದಿನ ಮತ್ತೆ ವೈದ್ಯರ ಹತ್ತಿರ ಹೋಗಿ, ಯಾವುದು ಹೃದಯದ್ದು ಯಾವುದು ಹೆದರಿಕೆಯದ್ದು ಎಂದು ನಾನು ಹೇಗೆ ತೀರ್ಮಾನ ಮಾಡಲಿ ಎಂದು ಕೇಳಿದೆ. ನೀವು ಮಾಡಲೇಬೇಡಿ, ಎಂದರು. ಒಂದು ಹಾಳೆಯಲ್ಲಿ ಬರೆದೂ ಕೊಟ್ಟರು. ಎದೆ ಹಿಡಿದರೆ ಮಾಡುತ್ತಿರುವುದನ್ನು ನಿಲ್ಲಿಸಿ ಕುಳಿತುಕೊಳ್ಳಬೇಕು. ಕೊಟ್ಟಿರುವ ಮಾತ್ರೆಯೊಂದನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಅದು ಬಿಪಿಯನ್ನು ಇಳಿಸುವುದರಿಂದ ನಿಂತುಕೊಂಡು ತೆಗೆದುಕೊಳ್ಳಬಾರದು. ಐದು ನಿಮಿಷದಲ್ಲಿ ಇಳಿಯದಿದ್ದರೆ ಅಥವಾ ಇನ್ನೂ ಹೆಚ್ಚಾದರೆ ಆಂಬುಲೆನ್ಸ್ ಕರೆಯಬೇಕು, ತಾನೇ ಗಾಡಿ ಓಡಿಸಿಕೊಂಡು ಹೊರಡಬಾರದು. ಸುಮ್ಮನೆ ಕುಳಿತಿರುವಾಗಲೇ ಬಂದರೆ, ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬರತೊಡಗಿದರೆ, ತೋಳಿಗೋ ದವಡೆಗೋ ಹರಡಿ ತಣ್ಣನೆ ಬೆವರು ಬಂದರೆ ಆಂಜಿಯೋಗ್ರಾಂ ದಿನಾಂಕಕ್ಕಾಗಿ ಕಾಯುವ ಮಾತೇ ಇಲ್ಲ. ಈ ಹಾಳೆಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಅದರಲ್ಲಿ ಸಮಾಧಾನದ ಒಂದೇ ಒಂದು ಮಾತಿರಲಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಮಾಡಬೇಕಾಗಿದ್ದ ತೀರ್ಮಾನವನ್ನು ಯಾರೋ ಹಗಲು ಹೊತ್ತಿನಲ್ಲೇ ಮಾಡಿಟ್ಟಿದ್ದರು. ಧ್ಯಾನ ಮಾಡಿ, ಒಳ್ಳೆಯದನ್ನೇ ಯೋಚಿಸಿ ಎಂಬ ಸಲಹೆಗಳು ನನಗೆ ನೂರು ಬಂದಿದ್ದವು. ಅವೆಲ್ಲವನ್ನೂ ಸೇರಿಸಿದರೂ ಈ ಹಾಳೆಗೆ ಸಮನಾಗವು ಎಂಬುದು ನನ್ನ ಅಭಿಪ್ರಾಯ.

ಆ ಮಾತ್ರೆಯ ಮೂಲವಸ್ತು ನೈಟ್ರೋಗ್ಲಿಸರಿನ್, ಡೈನಮೈಟಿನಲ್ಲಿರುವ ಅದೇ ಸ್ಫೋಟಕ. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್‌ಗೇ ಕೊನೆಗಾಲದಲ್ಲಿ ಹೃದಯದ ತೊಂದರೆಗೆಂದು ವೈದ್ಯರು ಇದನ್ನು ಬರೆದುಕೊಟ್ಟಿದ್ದರು; ಕೇಳಿದವರು ಹೆದರಬಾರದೆಂದು ಔಷಧಕ್ಕೆ ಬೇರೆ ಹೆಸರಿಟ್ಟಿದ್ದಾರೆ ಎಂದು 1896ರಲ್ಲಿ ಅವನು ಪತ್ರವೊಂದರಲ್ಲಿ ಬರೆದಿದ್ದಾನೆ. ಅದೇ ವರ್ಷ ತೀರಿಕೊಂಡ. ಬೆಳಕು ತಾಗಬಾರದೆಂದು ಕಂದು ಗಾಜಿನ ಸೀಸೆಯಲ್ಲಿ ಬರುವ ಈ ಪುಟಾಣಿ ಮಾತ್ರೆಯನ್ನು ನಾನು ಒಮ್ಮೆ ಮಾತ್ರ ಬಳಸಿದ್ದೇನೆ. ಎರಡು ನಿಮಿಷದೊಳಗೆ ಎದೆ ಸಡಿಲವಾಯಿತು, ತಲೆ ಮಾತ್ರ ಸಿಡಿಯತೊಡಗಿತು. ಇದು ಇಳಿಯಿತೆಂದರೆ ಹೃದಯದ್ದೇ ಇರಬೇಕಲ್ಲವೇ ಎಂದು ಲೆಕ್ಕ ಹಾಕಲು ಹೊರಟೆ. ಆಮೇಲೆ ವೈದ್ಯರೇ ತಿದ್ದಿದರು: ಅನ್ನನಾಳ ಬಿಗಿದು ಬರುವ ನೋವೂ ಇದೇ ಮಾತ್ರೆಗೆ ಇಳಿಯುತ್ತದೆ, ಅದರಿಂದ ಏನನ್ನೂ ನಿರ್ಧರಿಸುವಂತಿಲ್ಲ.

ಒಂದು ಸಣ್ಣ ನೋಟ್‌ಬುಕ್ ಕೂಡ ಇಟ್ಟಿದ್ದೇನೆ. ದಿನ, ಸಮಯ, ಏನು ಮಾಡುತ್ತಿದ್ದೆ, ಎಷ್ಟು ನಿಮಿಷ ಇತ್ತು, ಇಷ್ಟೇ. ಯಾಕೆ ಬಂತು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಮೊದಲೆರಡು ದಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಕಾರಣಗಳನ್ನು ಗೀಚಿದ್ದೆ, ಆಮೇಲೆ ಬಿಟ್ಟೆ. ಈಗ ತಿರುವಿ ನೋಡಿದರೆ ಹದಿನೈದು ದಿನಗಳಲ್ಲಿ ಒಂಬತ್ತು ಸಾಲುಗಳಿವೆ, ಅವುಗಳಲ್ಲಿ ಏಳು ಮೆಟ್ಟಿಲಿನವು. ರಾತ್ರಿಯಿಡೀ ಹೆದರಿದ್ದರೂ ರಾತ್ರಿಯದೆಂದು ಬರೆಯುವಂಥದ್ದು ಒಂದೂ ಇಲ್ಲ.

ಸುದ್ದಿ ತಿಳಿದವರು ಹೇಳುವ ಕಥೆಗಳಲ್ಲಿ ಎರಡೇ ಬಗೆ. ಒಂದರಲ್ಲಿ ಯಾರಿಗೋ ಏನೂ ಇಲ್ಲವೆಂದು ಗೊತ್ತಾಗಿ ನಗುತ್ತ ಮನೆಗೆ ಬರುತ್ತಾರೆ. ಇನ್ನೊಂದರಲ್ಲಿ ಚೆನ್ನಾಗಿದ್ದವರು ಮಾತಾಡುತ್ತ ಮಾತಾಡುತ್ತಲೇ ಹೋಗಿಬಿಡುತ್ತಾರೆ. ಮಾತ್ರೆ ನುಂಗಿಕೊಂಡು, ದಿನಾ ನಡೆದು, ಇಪ್ಪತ್ತು ವರ್ಷ ಬಾಳಿದವರ ಕಥೆಯನ್ನು ಯಾರೂ ಹೇಳುವುದಿಲ್ಲ, ಬಹುಶಃ ಅದರಲ್ಲಿ ಕಥೆಯೇ ಇಲ್ಲದಿರುವುದರಿಂದ. ಹೆಂಗಸರಿಗೆ ಇದೆಲ್ಲ ಎಲ್ಲಿ ಬರುತ್ತದೆ, ಟೆನ್ಷನ್ ಅಷ್ಟೇ, ಎಂದವರು ಮಾತ್ರ ಕಡಿಮೆಯೇನಲ್ಲ, ಅವರಲ್ಲಿ ಮೊದಲು ನೋಡಿದ ವೈದ್ಯರೊಬ್ಬರೂ ಇದ್ದರು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೃದ್ರೋಗದ ಸಾಧ್ಯತೆ ಏರುತ್ತದೆ, ಅವರಲ್ಲಿ ಅದು ಎದೆನೋವಿನ ಜೊತೆಗೆ ವಾಕರಿಕೆ, ಸುಸ್ತು, ಬೆನ್ನುನೋವಾಗಿಯೂ ಕಾಣಿಸಿಕೊಳ್ಳುತ್ತದೆ ಎಂಬುದು ಗೊತ್ತಿರಬೇಕಾದವರು ಅವರು. ಹಾಗೆಂದು ಐದು ತಿಂಗಳ ತಡದಲ್ಲಿ ಅವರ ಪಾಲು ಮೂರು ವಾರ ಮಾತ್ರ; ಉಳಿದದ್ದು ನನ್ನದು, ನನ್ನ ಮೊಬೈಲಿನದು.

ರಕ್ತನಾಳಗಳು ಚಿತ್ರದಲ್ಲಿ ಕಾಣಲೆಂದು ನಾಳೆ ಚುಚ್ಚುವ ಬಣ್ಣದ ಬಗ್ಗೆ ಓದುವಾಗ ಸಿಕ್ಕ ಎರಡು ಪ್ರಸಂಗಗಳು ನನಗೆ ಒಳ್ಳೆಯ ಜೊತೆಯಾದವು. 1929ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ರಕ್ತನಾಳದೊಳಗೆ ತೆಳುವಾದ ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಯವರೆಗೆ ನಡೆದುಹೋಗಿ, ಅದು ಹೃದಯ ತಲುಪಿದೆಯೆಂದು ಚಿತ್ರ ತೆಗೆಸಿದ. 27 ವರ್ಷಗಳ ನಂತರ ಅವನಿಗೆ ನೊಬೆಲ್ ಬಂತು. 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ಬೇರೇನನ್ನೋ ಪರೀಕ್ಷಿಸುತ್ತಿದ್ದಾಗ ಬಣ್ಣವೆಲ್ಲ ಅಕಸ್ಮಾತ್ತಾಗಿ ಹೃದಯದ ಸ್ವಂತ ನಾಳದೊಳಕ್ಕೇ ನುಗ್ಗಿ, ರೋಗಿಯ ಹೃದಯ ಕೆಲವು ಕ್ಷಣ ನಿಂತೇಹೋಯಿತು. ಕೆಮ್ಮಿ ಎಂದು ಕೂಗಿದರು. ರೋಗಿ ಕೆಮ್ಮಿದ, ಹೃದಯ ಮತ್ತೆ ಹೊರಟಿತು. ಈ ನಾಳಗಳನ್ನು ಒಂದೊಂದಾಗಿ ಚಿತ್ರ ತೆಗೆಯಬಹುದೆಂದು ಗೊತ್ತಾದದ್ದು ಆ ಎಡವಟ್ಟಿನಿಂದ. ನನಗೆ ನಾಳೆ ಕೊಳವೆ ಹೃದಯದವರೆಗೆ ಬರುವುದಿಲ್ಲ, ತೋಳಿನಲ್ಲಿ ಒಂದು ಸೂಜಿ ಅಷ್ಟೇ. ಬಣ್ಣ ಹೋಗುವಾಗ ಮೈಯೆಲ್ಲ ಒಮ್ಮೆ ಬೆಚ್ಚಗಾಗುತ್ತದಂತೆ. ಓಡುವ ಹೃದಯದ ಚಿತ್ರ ಮಸುಕಾಗುವುದರಿಂದ ಬಡಿತವನ್ನು 60ರ ಹತ್ತಿರಕ್ಕೆ ಇಳಿಸುವ ಮಾತ್ರೆಯನ್ನು ಮೊದಲೇ ಕೊಡುತ್ತಾರೆ, ಆಮೇಲೆ ಕೆಲವು ಸೆಕೆಂಡು ಉಸಿರು ಬಿಗಿಹಿಡಿದು ಮಲಗಬೇಕು. ಹದಿನಾರು ದಿನ ಕಾದದ್ದು ಆ ಕೆಲವು ಸೆಕೆಂಡುಗಳಿಗೆ.

ಇವತ್ತು ಸಂಜೆ ಹಳೆಯ ವರದಿಗಳ ಪ್ರತಿ ಮಾಡಿಸಿಕೊಂಡು ಮಗಳ ಜೊತೆ ಮನೆಗೆ ಬರುವಾಗ ಒಡೆದ ಅಂಚಿನ ಮೆಟ್ಟಿಲ ಹತ್ತಿರ ನಿಂತೆ. ಕೈ ಅಭ್ಯಾಸಬಲದಿಂದ ಚೀಲದೊಳಗಿನ ಮೊಬೈಲಿಗೆ ಹೋಯಿತು. ಅಮ್ಮ, ಇಷ್ಟು ದಿನ ನೀನು ಇಲ್ಲಿ ನಿಂತು ಓದುತ್ತಿದ್ದೆಯಲ್ಲ, ಸ್ಕ್ರೀನ್ ಆಫ್ ಆಗಿಯೇ ಇರುತ್ತಿತ್ತು, ಎಂದಳು ಅವಳು. ಕೈ ಹೊರತೆಗೆದು ಕಂಬಿ ಹಿಡಿದುಕೊಂಡೆ. ಮೇಲಿನಿಂದ ಯಾರೋ ಇಳಿದು ಬಂದು, ನಮ್ಮಿಬ್ಬರನ್ನೂ ನೋಡಿ, ಏನಾಯಿತು ಎಂದು ಕೇಳಿದರು. ಹತ್ತುವಾಗ ಎದೆ ಹಿಡಿಯುತ್ತದೆ, ಅದಕ್ಕೆ ನಿಂತಿದ್ದೇನೆ, ಎಂದೆ. ಅವರು ಗೋಡೆಯ ಕಡೆಗೆ ಸರಿದು ದಾರಿ ಬಿಟ್ಟರು. ಹತ್ತೋಣವಾ, ಎಂದಳು ಮಗಳು. ಇನ್ನೊಂದು ನಿಮಿಷ, ಎಂದೆ.